ದೇವರು ಸಹಿ ಹಾಕಲ್ಲ

ಅಕ್ಕಾ,

ರಟ್ಟು ತರೋಕೆ ಹೊರಟೆ. ಅಂಟು ಗಟ್ಟಿಯಾಗಿದೆ, ಬಿಸಿನೀರಲ್ಲಿಟ್ಟು ಕರಗಿಸಿಕೋ. ಪ್ರಾರ್ಥನೆ ಪುಸ್ತಕಗಳ ಮೇಲಿನ ಭಾರ ಸಂಜೆವರೆಗೆ ತೆಗೀಬೇಡ.

ನಿನ್ನೆ ನಮ್ಮ ಬೈಂಡಿಂಗ್ ಅಂಗಡಿಯ ನೋಂದಣಿ ಪತ್ರ ಓದಿ ಸುಮ್ಮನೆ ಮಡಚಿಟ್ಟೆಯಲ್ಲ, ಅದರ ಬದಲು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಅರ್ಜಿಯಲ್ಲಿ ಪಾಲುದಾರರು ಅನ್ನೋ ಕಡೆ ನಾನು 'ದೇವರು' ಅಂತ ಬರೆದಿದ್ದೆ. ವಕೀಲರು ನಕ್ಕು, "ಅವರು ಸಹಿ ಹಾಕಲ್ಲ ಕಣಪ್ಪ, ಬೇರೆ ಯಾರಾದ್ರೂ ಇದ್ದಾರಾ?" ಅಂದರು. ಯಾರೂ ಇಲ್ಲ ಅಂದುಬಿಟ್ಟೆ. ಅಂಗಡಿ ನನ್ನೊಬ್ಬನ ಹೆಸರಿಗಾಯಿತು.

ಒಂದೊಂದು ಪುಸ್ತಕವನ್ನೂ ಹೊಲಿದವಳು ನೀನು. ಅದು ನನಗೆ ಮನೆಗೆ ಬಂದಮೇಲೂ ಹೊಳೆಯಲಿಲ್ಲ.

ಈ ಚೀಟಿ ಕೆಳಗೆ ಪಾಲುದಾರಿಕೆಯ ಹೊಸ ಅರ್ಜಿ ಇದೆ. ಮೊದಲನೇ ಹೆಸರು ನಿನ್ನದು. ಎರಡನೇದು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾರ ಹೆಸರು ಬರೀಬೇಕು ಅನ್ನೋದು ನಿನಗೆ ಬಿಟ್ಟದ್ದು.