ನುಂಗಪ್ಪನ ಜಳಕ

೮ ಸೆಪ್ಟೆಂಬರ್ ೧೯೭೪, ರವಿವಾರ

ಮತ್ತೆ ಕಾರಿಕೊಂಡ. ನಿನ್ನೆ ಸಂಜೆ ನುಂಗಿದ ಇಲಿ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಬಾಲ ಸಮೇತ ಹಾಜರು. ವಾಸನೆ ಪಡಸಾಲೆ ದಾಟಿ ಅಡುಗೆಮನೆಗೆ ಹೋಯಿತು. ಬೂದಿ ಹಾಕಿ ಬಳಿದೆ.

ನುಂಗಪ್ಪ ನುಂಗಿದ, ನುಂಗಪ್ಪ ಕಾರಿದ;
ಹೈಸ್ಕೂಲ ಮಾಸ್ತರ ಅದರ ಮೇಲೆ ಜಾರಿದ.

ಜಾರಿದ್ದು ಸುಳ್ಳು. ಪ್ರಾಸಕ್ಕಾಗಿ ಬಿದ್ದೆ.

ಸ್ಟೇಷನ್ ಬಾಜೂ ಅಂಗಡಿಯ ನಿಜಾಮಸಾಬನ ಶೇಂಗಾ ಚೀಲದಲ್ಲಿ ಬಂದವನು ನುಂಗಪ್ಪ. ಮಣ್ಣಮುಕ್ಕ ಹಾವು, ವಿಷವಿಲ್ಲ, ಅವಸರವಿಲ್ಲ. ಇಲಿ ಕಾಟಕ್ಕೆ ಸಾಕಿದ್ದೇನೆ—ಎಂದು ಎಲ್ಲರಿಗೂ ಹೇಳುತ್ತೇನೆ. ಕೊಟ್ಟಿಗೆಯಲ್ಲಿದ್ದಾಗ ತಿಂದದ್ದು ದಕ್ಕುತ್ತಿತ್ತು. ಮುಂಗುಸಿ ಬರಲು ಶುರುವಾದ ಮೇಲೆ ಪಡಸಾಲೆಗೆ ತಂದೆ. ಅವ್ವನ ಕರಾರು ಒಂದೇ: ಲಿಂಗಪೂಜೆಯ ಮನೆ, ಇಲಿ ತಿಂದ ಬಾಯಿ ಹಾಗೇ ಹೊಸ್ತಿಲು ದಾಟಬಾರದು. ಹಿತ್ತಲಲ್ಲಿ ಊಟ, ಕೂಡಲೇ ಬಾವಿಕಟ್ಟೆಯಲ್ಲಿ ಜಳಕ, ತಲೆಗೆ ಚಿಟಿಕೆ ವಿಭೂತಿ, ಆಮೇಲೆ ಒಳಗೆ. ತಲೆ ಯಾವುದು, ಬಾಲ ಯಾವುದು ಎಂದು ಅನುಮಾನ ಬಂದರೆ ಎರಡೂ ಕಡೆ.

ಅವ್ವ ಅಂದಳು: "ಜಳಕಾ ಸಾಲವಲ್ದು. ಇನ್ನೊಂದ ಕೊಡಾ ನೀರ ಹಾಕು."

೧೦ ಸೆಪ್ಟೆಂಬರ್

ಶಾಲೆ ಬಿಟ್ಟ ಮೇಲೆ ದನದ ಡಾಕ್ಟರ ಹತ್ತಿರ ಹೋದೆ. ಚೀಲ ಬಿಚ್ಚಿದ ಕೂಡಲೇ ಖುರ್ಚಿ ಹಿಂದೆ ಸರಿಸಿದರು.

"ಎಮ್ಮಿ ಆಗಿದ್ರ ಹೇಳ್ತಿದ್ದೆ ಮಾಸ್ತರ. ಇದರ ಹೊಟ್ಟಿ ಎಲ್ಲಿ ಶುರು ಆಗಿ ಎಲ್ಲಿ ಮುಗೀತೈತಿ?"

ಪೌಡರ್ ಕೊಟ್ಟರು. ಬೆಲ್ಲದಲ್ಲಿ ಕಲಸಿ ಕೊಡಬೇಕಂತೆ. ನುಂಗಪ್ಪ ಬೆಲ್ಲದ ಕಡೆ ನೋಡಲಿಲ್ಲ. ವ್ಯರ್ಥವಾಗದಿರಲೆಂದು ನಾನೇ ನೆಕ್ಕಿದೆ. ಚೆನ್ನಾಗಿ ಹಸಿವಾಯಿತು.

೧೧ ಸೆಪ್ಟೆಂಬರ್

ನಿಜಾಮಸಾಬನ ಮೇಲೆ ಸಂಶಯ ಹಾಕಿ ನೋಡಿದೆ. ನುಂಗಪ್ಪನಿಗೆ ಹಾಕುವುದು ಅವನ ಅಂಗಡಿಯ ಇಲಿ, ಶೇಂಗಾ ತಿಂದು ಜಿಡ್ಡು ಹೆಚ್ಚಾಗಿರಬಹುದಲ್ಲ?

"ನಮ್ಮ ಶೇಂಗಾಕ್ಕ ಹೆಸರ ಇಡಬ್ಯಾಡ್ರಿ ಮಾಸ್ತರ! ಹುಬ್ಬಳ್ಳಿ ಮಂದಿ ಹುಡುಕ್ಕೊಂಡ ಬರ್ತಾರ. ನಿಮ್ಮ ಅಳಿಯಂದ್ರ ಹೊಟ್ಟೀನ ನಾಜೂಕ ಭಾಳ."

ಹಾವಿಗೆ ಅವನು ಅಳಿಯ ಅಂತಲೇ ಅನ್ನುವುದು. ಕೂತಲ್ಲಿ ಉಣ್ಣುತ್ತದೆ, ಕೆಲಸವಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಹೋಲಿಕೆಯಲ್ಲಿ ದೋಷವಿಲ್ಲ.

೨೩ ಸೆಪ್ಟೆಂಬರ್, ಬೆಳಿಗ್ಗೆ

ನಿನ್ನೆ ಸಣ್ಣ ಇಲಿ. ಎರಡು ಕೊಡ ನೀರು. ದೀಪ ಹಚ್ಚುವಷ್ಟರಲ್ಲಿ ಎಲ್ಲಾ ಹೊರಗೆ.

ಅವ್ವ ತೀರ್ಪು ಕೊಟ್ಟಳು: "ಇನ್ನೊಂದ ಸಲ ಕಾರಿತಂದ್ರ ಕೆರಿ ದಂಡಿಗೆ ಬಿಟ್ಟ ಬಾ. ಇಲ್ಲಂದ್ರ ನೀನೂ ಅದರ ಜೋಡಿ ಹೋಗು."

ಹೆಂಡತಿ ರೇವವ್ವ ರೊಟ್ಟಿ ಬಡಿಯುತ್ತಲೇ, "ಇಬ್ಬರಿಗೂ ಬುತ್ತಿ ಕಟ್ಟತೀನ್ರಿ ಅತ್ತಿ."

ನಕ್ಕೆ. ಆದರೆ ಎತ್ತಿಕೊಂಡಾಗ ಕೈಗೆ ಬೆನ್ನೆಲುಬು ತಾಗಿತು. ಜೂನ್‌ನಲ್ಲಿ ಒನಕೆಯಂತಿದ್ದವ, ಈಗ ಹಗ್ಗ. ಈ ಸ್ಥಿತಿಯಲ್ಲಿ ಕೆರೆ ದಂಡೆಗೆ ಬಿಡುವುದೆಂದರೆ ಹದ್ದಿಗೆ ಎಡೆ ಇಟ್ಟಂತೆ.

ಪ್ರಾಸ ಬರಲಿಲ್ಲ ಇವತ್ತು.

೬ ಅಕ್ಟೋಬರ್, ರವಿವಾರ

ಬರೆಯಲೇಬೇಕು.

ಮಧ್ಯಾಹ್ನ ಉಂಡು, ಹಳೇ ಟ್ರಂಕು ಹುಡುಕಲು ಅಟ್ಟ ಹತ್ತಿದೆ. ಇಳಿದಾಗ ಮೈಯೆಲ್ಲಾ ಧೂಳು, ಜೇಡರ ಬಲೆ. ಟವೆಲ್, ತಂಬಿಗೆ ಹಿಡಿದು ಬಚ್ಚಲಿಗೆ ನಡೆದೆ. ಅವ್ವ ಪಡಸಾಲೆಯಿಂದಲೇ ಗುಡುಗಿದಳು.

"ಏ ಕುಬೇರಾ! ಉಂಡ ಕೈ ಆರಿಲ್ಲ, ಮೈಮ್ಯಾಲೆ ನೀರ ಹಾಕ್ಕೋತಿ? ನಲವತ್ತೈದ ವರ್ಷಾತು, ಇದೂ ನಾನ ಹೇಳಬೇಕೇನ? ಉಂಡ ಮ್ಯಾಲೆ ಜಳಕಾ ಮಾಡಿದ್ರ ಅನ್ನ ಅರಗತೈತೇನ? ಹೊಳ್ಳಿ ಬಾಯಿಗೆ ಬರ್ತೈತಿ!"

ತಂಬಿಗೆ ನನ್ನ ಕೈಯಲ್ಲಿ ನಿಂತಿತು. ಅವ್ವನ ಮಾತು ಬಾಯಲ್ಲಿ ನಿಂತಿತು. ಜೋಳ ಹಸನು ಮಾಡುತ್ತಿದ್ದ ರೇವವ್ವ ಮೊರದಿಂದ ತಲೆ ಎತ್ತಿದಳು. ಮೂವರೂ ಪೆಟ್ಟಿಗೆಯ ಕಡೆ ನೋಡಿದೆವು.

"ಅಲ್ಲಾ..." ಅಂದಳು ಅವ್ವ. ಎದ್ದು ದೇವರಮನೆಗೆ ಹೋದಳು.

ನಾನು ಧೂಳಿನಲ್ಲೇ ಮಲಗಿದೆ.

೭ ಅಕ್ಟೋಬರ್

ಅವ್ವ ಒಮ್ಮೆ ಪೆಟ್ಟಿಗೆ ನೋಡುತ್ತಾಳೆ, ಒಮ್ಮೆ ಬಾವಿ. ಕಷ್ಟ ಅರ್ಥವಾಗುತ್ತದೆ. ಇಲಿ ತಿಂದದ್ದು ಜಳಕವಿಲ್ಲದೆ ಒಳಗೆ ಬರಬಾರದು. ಉಂಡದ್ದು ಜಳಕ ಮಾಡಬಾರದು. ಎರಡೂ ಕಾನೂನು ಅವಳವೇ. ಹೈಕೋರ್ಟು ತನ್ನ ತೀರ್ಪಿನ ಅಪೀಲು ತಾನೇ ಕೇಳುವಾಗ ವಕೀಲರು ಬಾಯಿ ಹಾಕಬಾರದು. ಹಾಕಲಿಲ್ಲ.

೧೨ ಅಕ್ಟೋಬರ್

ಬೆಳಿಗ್ಗೆ ಪೂಜೆ ಮುಗಿಸಿ ಬಂದವಳೇ ಶುರು ಮಾಡಿದಳು. "ಈ ಮನ್ಯಾಗ ಎಲ್ಲಾರೂ ಜಳಕಾ ಮಾಡಿ ಉಣ್ತೇವಿ. ಅದಕ್ಕೊಂದಕ್ಕ ಉಣಿಸಿ ಜಳಕಾ ಮಾಡಸಾಕತ್ತಿದ್ವಿ. ತಪ್ಪ ಅದರದಲ್ಲ. ಮೊದ್ಲ ಜಳಕಾ, ಆಮ್ಯಾಲೆ ಊಟಾ."

"ಮತ್ತ ಇಲಿ ಮೈಲಿಗಿ, ಅವ್ವಾ?"

"ಅದು ಹೊಟ್ಟಿ ಒಳಗ ಹೋತಲ್ಲ. ಒಳಗಿಂದು ಶಿವಾ ನೋಡ್ಕೋತಾನ. ನಿನ್ನ ಹೊಟ್ಟ್ಯಾಗಿಂದು ನೋಡ್ಕೊಂಡಿಲ್ಲೇನು?"

ಬಿಸಿಲೇರಿದ ಮೇಲೆ ಉಗುರುಬೆಚ್ಚಗಿನ ನೀರು. ವಿಭೂತಿ. ಆಮೇಲೆ ಮರಿಯಿಲಿ. ಸುತ್ತಿದ, ಹಿಂಡಿದ, ನುಂಗಿದ. ಪೆಟ್ಟಿಗೆ ಸಮೇತ ಎತ್ತಿ ಒಳಗಿಟ್ಟೆ. ಮೈ ಮುಟ್ಟಲಿಲ್ಲ.

ಸಂಜೆ ನಿಜಾಮಸಾಬ ಹೆಂಡತಿ ಮಲಿಕಾಬಿಯನ್ನು ಕರೆದುಕೊಂಡು ಬಂದ, ಅಳಿಯನನ್ನು ತೋರಿಸಲು. ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಅವ್ವ ಅಡ್ಡ ನಿಂತಳು.

"ಮುಟ್ಟಬ್ಯಾಡ ನಿಜಾಮಾ. ಉಂಡು ಮಲಗೈತಿ."

"ಕೆರಿ ದಂಡಿಗೆ ಬಿಡ್ತೀನಂತಿದ್ರಲ್ರಿ ಅವ್ವಾರ?"

"ಹಸದದ್ದನ್ನ ಹೊರಗ ಹಾಕೂ ಮಂದಿ ಅಲ್ಲ ನಾವು. ಚಹಾ ಕುಡೀತೀರಿಲ್ಲೋ?"

೧೩ ಅಕ್ಟೋಬರ್, ಬೆಳಿಗ್ಗೆ ೬

ಏನೂ ಬಂದಿಲ್ಲ. ಗಂಟು ಹೊಟ್ಟೆಯಲ್ಲೇ ಇದೆ. ನನಗಿಂತ ಮೊದಲು ಅವ್ವ ನೋಡಿ ಹೋಗಿದ್ದಳು. ಮುಚ್ಚಳದ ಮೇಲೆ ವಿಭೂತಿಯ ಬೆರಳಿನ ಗುರುತು.

೧೫ ಅಕ್ಟೋಬರ್

ಗಂಟು ಕರಗುತ್ತಿದೆ. ಜೋರಾಗಿ ಕೆಮ್ಮಲೂ ಬಿಡುತ್ತಿಲ್ಲ ಅವ್ವ.

೧೮ ಅಕ್ಟೋಬರ್

"ಕುಬೇರಾ, ಏಳೋ! ಬಂತು!"

ಪಂಚೆ ಬಿಗಿಯುತ್ತ ಓಡಿದೆ.

"ಹಿತ್ತಲ ಬಾಗಲದಿಂದ ಬಂತೋ!"

ಪೆಟ್ಟಿಗೆಯ ಮರಳಿನ ಮೇಲೆ ಹಿಕ್ಕೆ. ಇಲಿ ಹೊರಬಂದಿತ್ತು, ಬರಬೇಕಾದ ದಾರಿಯಿಂದ. ಅವ್ವನ ಮುಖ ನೋಡಬೇಕಿತ್ತು. ನಾನು ಬಿ.ಎ. ಪಾಸಾದಾಗಲೂ ಇಷ್ಟು ಅರಳಿರಲಿಲ್ಲ. ರೇವವ್ವ ಮೂಗು ಮುಚ್ಚಿಕೊಂಡೇ ಎಲ್ಲರ ಕೈಗೆ ಬೆಲ್ಲ ಕೊಟ್ಟಳು.

ಶಾಲೆಗೆ ಇನ್ನೂ ಹೊತ್ತಿದೆ. ಎರಡು ಸಾಲು:

ಜಳಕ ಮೊದಲು, ಊಟ ನಂತರ;
ಇದುವೆ ನಮ್ಮ ನುಂಗಪ್ಪನ ಮಂತ್ರ.

ಪ್ರಾಸ ತುಸು ಕುಂಟುತ್ತದೆ. ತಿದ್ದಬೇಕು. ಒಳಗಿಂದ ರೊಟ್ಟಿಯ ವಾಸನೆ, ಬೆಣ್ಣೆ, ಗುರೆಳ್ಳಿನ ಚಟ್ನಿ. ಅವ್ವ ಕೂಗುತ್ತಿದ್ದಾಳೆ. ಊಟಕ್ಕಲ್ಲ. ಮೊದಲು—