ನಾಯಿತುಳಸಿಯೊಳಗಿನ ಕರ್ಪೂರ

ಪೀಣ್ಯ, ಗುರುವಾರ

ಚಿಕ್ಕಮ್ಮಾ,

ನಿನ್ನ ನಾಯಿತುಳಸಿ ಎಣ್ಣೆಯ ಪರೀಕ್ಷೆ ಆಯಿತು. ಕರ್ಪೂರ ಬೆರೆಸಿದ್ದೀಯೆಂದು ವ್ಯಾಪಾರಿ ಡಬ್ಬ ಹಿಂದಿರುಗಿಸಿದನಲ್ಲ, ಅದೇ ಎಣ್ಣೆಯನ್ನು ಕೊಟ್ಟೆ. ಇಲ್ಲಿ ಲೇತ್ ಕಾರ್ಖಾನೆಗಳ ಸದ್ದಿನ ನಡುವೆ ಒಂದು ತಣ್ಣನೆಯ ಕೋಣೆ, ಅದರಲ್ಲಿ ಕಪಾಟಿನಂಥ ಯಂತ್ರ. ಅದರೊಳಗೆ ಕೂದಲಿನಷ್ಟು ಸಣ್ಣ ಕೊಳವೆಯನ್ನು ಮೂವತ್ತು ಮೀಟರ್ ಉದ್ದಕ್ಕೆ ಸುರುಳಿ ಸುತ್ತಿಟ್ಟಿದ್ದಾರೆ. ಎಣ್ಣೆ ಆವಿಯಾಗಿ ಅದರಲ್ಲಿ ಓಡುತ್ತದೆ. ಒಂದೊಂದು ವಾಸನೆಯೂ ಬೇರೆ ಬೇರೆ ಹೊತ್ತಿಗೆ ಹೊರಬಿದ್ದು ಪರದೆಯ ಮೇಲೆ ಗುಡ್ಡದ ಹಾಗೆ ಏಳುತ್ತದೆ. ಇಪ್ಪತ್ತೇಳು ಗುಡ್ಡ ಎಣಿಸಿದೆ. ಎಲ್ಲಕ್ಕಿಂತ ಎತ್ತರದ್ದು ಕರ್ಪೂರವೇ.

ಪರೀಕ್ಷೆ ಮಾಡುವ ಶಶಿಕಲಾ ಮೇಡಂ, ನಾನು ತಂದಿದ್ದ, ಹೊಳೆ ನಡುವಿನ ನಮ್ಮ ಕುರ್ವೆಯ ಹಸಿ ನಾಯಿತುಳಸಿಯಿಂದ ತಾವೇ ಎಣ್ಣೆ ಇಳಿಸಿ ನೋಡಿದರು. ಅದರಲ್ಲೂ ಅಷ್ಟೇ ಎತ್ತರ. "ಯಾರೂ ಬೆರೆಸಿಲ್ಲ ಕಣ್ರೀ, ಎಲೇಲೇ ಇದೆ. ನಿಮ್ಮ ದ್ವೀಪದ ಗಿಡಾನೇ ಹಿಂಗೆ" ಎಂದರು. ಆಚೆ ದಡದ ನಾಯಿತುಳಸಿಯನ್ನೂ ಒಯ್ದಿದ್ದೆ. ಅದರಲ್ಲಿ ಕರ್ಪೂರ ಇಲ್ಲವೇ ಇಲ್ಲ, ಬರೀ ನಿಂಬೆಯ ವಾಸನೆ. ಯಾಕೆ ಎಂದು ಕೇಳಿದೆ. "ನಂಗೂ ಗೊತ್ತಿಲ್ಲ. ಇನ್ನೊಂದ್ಸಲ ಬರುವಾಗ ಬೇರಿನ ಮಣ್ಣೂ ತನ್ನಿ" ಎಂದರು.

ಊಟ ಸರಿಯಾಗಿದೆ. ಧೂಳಿಗೆ ಗಂಟಲು ಕಟ್ಟಿದೆ, ಅಷ್ಟೆ.

ಒಳಗೊಳಗೆ ನಾನೂ ನಿನ್ನನ್ನು ಅನುಮಾನಿಸಿದ್ದೆ. ಫೋನ್ ಮಾಡದೆ ಕಾರ್ಡ್ ಬರೆದದ್ದು ಅದಕ್ಕೇ. ಅಂಚೆಯ ಜಟ್ಟಿಯಣ್ಣ ಇದನ್ನು ಓದದೆ ಬಿಡುವವನಲ್ಲ. ದೋಣಿಯಲ್ಲಿ ಎಲ್ಲರಿಗೂ ಓದಿ ಹೇಳಲಿ, ನನ್ನ ತಪ್ಪನ್ನೂ ಸೇರಿಸಿ.

ಬಸ್ಸು ಬಂತು.

ನಾಗವೇಣಿ