ಬೀಗತಿಗೆ ತರುವ ಡಬ್ಬಿ

ಬ್ಯಾಡಗಿ
ಮಂಗಳವಾರ, ೧೮ ಫೆಬ್ರುವರಿ ೨೦೨೫

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ಎಲ್ಲವನ್ನೂ ಬರೆದು ಕಳಿಸುತ್ತೇನೆ, ಫೋನಿನಲ್ಲಿ ಬೇಡ ಎಂದು ನಿಮಗೆ ಹೇಳಿ ಎರಡು ವಾರವಾದರೂ ಆಗಿರಬೇಕು. ತಡವಾಯಿತು, ಸಿಟ್ಟಾಗಬೇಡಿ. ತಪ್ಪೆಲ್ಲ ನಿಮ್ಮ ಮೊಮ್ಮಗನದು. ಅವನು ಎದ್ದಿದ್ದರೆ ನಾನು ಎದ್ದಿರಲೇಬೇಕು. ಅವನು ಮಲಗಿದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಾ ಎದ್ದಿರುತ್ತೇನೆ. ಮೂಗಿನ ಕೆಳಗೆ ಬೆರಳಿಟ್ಟು ನೋಡುವುದೊಂದು ಚಟವೇ ಆಗಿಬಿಟ್ಟಿದೆ. ಬೆರಳು ತಣ್ಣಗಿರುತ್ತದೆ, ತೌಸಿಫ್ ಬೆಚ್ಚಿ ಎದ್ದು ಮನೆ ಎದ್ದೇಳುವಂತೆ ಅಳುತ್ತಾನೆ. ಚೆನ್ನಾಗಿದ್ದ ಹುಡುಗನನ್ನು ಎಬ್ಬಿಸಿ ಚೆನ್ನಾಗಿದ್ದಾನೆ ಎಂದು ಖಾತ್ರಿ ಮಾಡಿಕೊಳ್ಳುವ ತಾಯಿಯನ್ನು ಬಿ.ಕಾಂ. ಓದಿದವರಲ್ಲಿ ಮಾತ್ರ ಕಾಣಬಹುದು ಎಂದು ನಿಮ್ಮ ಅಳಿಯ ಹೇಳುತ್ತಾರೆ. ಹೇಳಿ ಮಗ್ಗುಲಾಗಿ ಗೊರಕೆ ಹೊಡೆಯುತ್ತಾರೆ.

ಕಾಗದ ಯಾಕೆ ಎಂದು ಕೇಳಬೇಡಿ. ನೀವು ಅಂಗಡಿಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಬಿಸ್ಕೀಟಿನ ಡಬ್ಬಿಗೆ ಆನಿಸಿ ಇಡುತ್ತೀರಿ. ಮಗುವಿಗೆ ಹೊಟ್ಟೆ ಉಬ್ಬರ ಎಂದು ನಾನು ಇಲ್ಲಿ ಹೇಳಿದರೆ ಹಲಗೇರಿಯಲ್ಲಿ ಬೀಡಿ ಕೊಳ್ಳಲು ನಿಂತವರು ಔಷಧ ಹೇಳುತ್ತಾರೆ. ಹೋದ ಸಲ ಶೇಖಪ್ಪ ಎನ್ನುವವರು ಓಮಿನ ಕಾಳಿನ ಶಾಖ ಕೊಡು ಎಂದರು. ಕೊಟ್ಟೆ, ಗುಣವಾಯಿತು, ಅವರಿಗೆ ನನ್ನ ನಮಸ್ಕಾರ ಹೇಳಿ. ಆದರೆ ಇವತ್ತಿನ ಸುದ್ದಿ ಅವರ ಕಿವಿಗೆ ಬೀಳುವಂಥದ್ದಲ್ಲ. ಇವರು ನಾಳೆ ರಾಣೆಬೆನ್ನೂರಿಗೆ ಹೋಗುವವರಿದ್ದಾರೆ, ಹಾಗೇ ಹಲಗೇರಿಗೆ ಬಂದು ನಿಮ್ಮ ಕೈಯಲ್ಲೇ ಕೊಡುತ್ತಾರೆ. ಲಕೋಟೆ ಅಂಟಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ತೌಸಿಫನಿಗೆ ಮೊದಲ ಸಲ ಖೀರು ನೆಕ್ಕಿಸಲು ನೀವು ಬರುತ್ತಿದ್ದೀರಿ. ಬೀಗತಿಯ ತಪಕೀರಿನ ಡಬ್ಬಿಯನ್ನು ಆಗಲೇ ತೆಗೆದಿಟ್ಟಿದ್ದೇನೆ ಎಂದು ಮೊನ್ನೆ ಹೇಳಿದಿರಿ. ಅಬ್ಬಾ, ಈ ಸಲ ಆ ಡಬ್ಬಿ ತರಬೇಡಿ. ಅತ್ತೆಯ ಬಾಯಿಯಲ್ಲಿ, ಕೆಳದುಟಿಯ ಒಳಗೆ, ಆ ಹೊಗೆಸೊಪ್ಪಿನ ಪುಡಿ ಒತ್ತಿಕೊಳ್ಳುವ ಜಾಗದಲ್ಲೇ ಬಿಳಿಯ ಕಲೆಯೊಂದು ಎದ್ದಿದೆ. ಗಾಬರಿಯಾಗಬೇಡಿ, ಪೂರ್ತಿ ಓದಿ.

ಅದನ್ನು ಕಂಡುಹಿಡಿದವನು ನಿಮ್ಮ ಮೊಮ್ಮಗ. ಅವನಿಗೀಗ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ಹುಚ್ಚು. ಅತ್ತೆ ಅವನನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಣಿಸುತ್ತಿದ್ದಾಗ ಅವರ ಕೆಳದುಟಿ ಹಿಡಿದು ಜಗ್ಗಿಬಿಟ್ಟ. ಅತ್ತೆ "ಹಾಯ್" ಎಂದರು. ಮೊಮ್ಮಗ ದಾದಿಗೆ ನೋವು ಮಾಡಿದ ಎಂದು ಎಲ್ಲರೂ ನಕ್ಕರು. ನಾನು ಎದುರಿಗಿದ್ದೆ, ಕಲೆ ನೋಡಿದೆ. ಕೆಲವು ದಿನಗಳಿಂದ ಅವರು ಸಾರು ಖಾರ ಎಂದು ಅನ್ನಕ್ಕೆ ಹಾಲು ಹಾಕಿಕೊಳ್ಳುತ್ತಿದ್ದರು. ಬ್ಯಾಡಗಿಯಲ್ಲಿ ಹುಟ್ಟಿ, ಮೆಣಸಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಹುಸೇನಬಿ ಅತ್ತೆಗೆ ಖಾರ ತಾಗುತ್ತದೆ ಎಂದಾಗಲೇ ನಾನು ಅನುಮಾನಪಡಬೇಕಿತ್ತು.

ಹಾವೇರಿಗೆ ಹೋಗಿ ತೋರಿಸೋಣ ಎಂದೆ. ಒಪ್ಪಲಿಲ್ಲ. ಹಿತ್ತಲಿನಲ್ಲಿ ರಾಶಿ ರಾಶಿ ಕಾಯಿ ಬಿದ್ದಿದೆ, ತೊಟ್ಟು ಬಿಡಿಸುವ ಹೆಂಗಸರನ್ನು ಯಾರು ನೋಡಬೇಕು ಎಂದರು. ಸೋಮವಾರ ಮತ್ತು ಗುರುವಾರ ಪೇಟೆ, ಮಂಗಳವಾರ ಲಾರಿ, ಶುಕ್ರವಾರ ನಮಾಜು. ಅವರ ವಾರದಲ್ಲಿ ಬಾಯಿಗೆ ಒಂದು ದಿನವೂ ಇರಲಿಲ್ಲ. ಕೊನೆಗೆ ಮಗುವಿಗೆ ಹಲ್ಲು ಬರುವ ಹೊತ್ತು, ವಸಡು ತೋರಿಸಬೇಕು, ನೀವು ಬರದಿದ್ದರೆ ನಾನೊಬ್ಬಳೇ ಬಸ್ಸಿನಲ್ಲಿ ಎತ್ತಿಕೊಂಡು ಹೋಗುತ್ತೇನೆ ಎಂದೆ. ಹತ್ತು ನಿಮಿಷದಲ್ಲಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಹಾವೇರಿಯ ಹಲ್ಲಿನ ಡಾಕ್ಟರು ನನ್ನ ವಯಸ್ಸಿನ ಹುಡುಗಿ. ತೌಸಿಫನ ವಸಡು ನೋಡಿದರು. ಅವನು ಅವರ ಮುಖದ ಮಾಸ್ಕು ಕಿತ್ತು ಬಾಯಿಗೆ ಹಾಕಿಕೊಂಡ. ಬಂದಿದ್ದೇವಲ್ಲ, ದಾದಿಯದ್ದೂ ನೋಡಿಬಿಡಿ ಎಂದೆ. ಅತ್ತೆ ನನ್ನನ್ನು ನೋಡಿದ ನೋಟ ಹೇಗಿತ್ತೆಂದು ಬರೆಯುವುದಿಲ್ಲ. ಡಾಕ್ಟರು ದೀಪ ಹಿಡಿದು ತುಂಬ ಹೊತ್ತು ನೋಡಿ, ತಪಕೀರು ಎಷ್ಟು ವರ್ಷದಿಂದ ಹಚ್ಚುತ್ತೀರಿ ಎಂದು ಕೇಳಿದರು.

"ಈ ಸೊಸಿ ನಮ್ಮನಿಗೆ ಬಂದಾಗಿಂದ್ರಿ" ಎಂದರು ಅತ್ತೆ.

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟು ಕಾಟ ಕೊಡುವ ಸೊಸೆಯೇ ಇವಳು ಎನ್ನುವ ಹಾಗೆ! ನನಗೂ ಅರ್ಥವಾಗಲಿಲ್ಲ. ಅತ್ತೆ ಹುಡುಗಿಯಾಗಿದ್ದಾಗಿನಿಂದ ಹಚ್ಚುತ್ತಾರೆ ಎಂದೇ ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿದ್ದೀರಿ. ಆಮೇಲೆ ಅವರು ಡಾಕ್ಟರಿಗೆ ಹೇಳಿದ್ದನ್ನು, ಅಬ್ಬಾ, ಹೇಳಿದ ಹಾಗೆಯೇ ಬರೆಯುತ್ತೇನೆ.

"ನಿಶ್ಚಯದ ದಿನ ಬೀಗರು ಎಲಿ-ಅಡಕಿ, ಸಕ್ರಿ ಜೋಡಿ ತಾಟಿನ್ಯಾಗ ಆ ಡಬ್ಬಿನೂ ಇಟ್ಟು ನನ್ನ ಮುಂದ ಹಿಡಿದ್ರರಿ. ಅದನ್ನ ನಾ ಎಂದೂ ಮುಟ್ಟಿದಾಕಿ ಅಲ್ಲ. ಮಂದಿ ಎಲ್ಲಾ ನನ್ನ ಮಾರಿನ ನೋಡಾಕತ್ತಿದ್ರು. ಒಲ್ಲೆ ಅಂದ್ರ ಹೆಂಗ? ಹುಡುಗಿಗೆ ತಾಯಿ ಇಲ್ಲ, ಆ ಮನಶ್ಯಾ ಒಬ್ಬನ ಎಲ್ಲಾ ಜೋಡಿಸ್ಯಾನ, ಅವಂಗ ಅವಮಾನ ಆಗೂದಿಲ್ಲೇನ್ರಿ? ಹಚ್ಕೊಂಡೆ. ತಲಿ ಗಿರ್ ಅಂತು. ಕಂಬ ಹಿಡಕೊಂಡು, ಭಾಳ ಛಲೋ ಐತಿ ಬೀಗ್ರ ಅಂದೆ."

ಆ ಮಾತು ನಿಮಗೆ ನೆನಪಿರಬೇಕು. ಬೀಗತಿಗೆ ನಮ್ಮ ಅಂಗಡಿಯ ಮಾಲು ಮನಸ್ಸಿಗೆ ಬಂತು ಎಂದು ನೀವು ಆ ಸಂಜೆಯೆಲ್ಲ ಹಿಗ್ಗಿದ್ದಿರಿ. ಅವತ್ತಿನಿಂದ ಬಂದಾಗಲೆಲ್ಲ ಡಬ್ಬಿ. ನೀವು ಪ್ರೀತಿಯಿಂದ ತರುವುದು, ಅವರು ಮರ್ಯಾದೆಗೆ ತೆಗೆದುಕೊಳ್ಳುವುದು. ಬೀಗರು ಕೊಟ್ಟದ್ದನ್ನು ಬೇರೆಯವರಿಗೆ ಕೊಟ್ಟರೆ ಸೊಸೆ ನೋಡುತ್ತಾಳೆ, ಚೆಲ್ಲಿದರೆ ದೇವರು ನೋಡುತ್ತಾನೆ. ಮುಂದಿನ ಸಲ ನೀವು ಹೇಗಿತ್ತು ಎಂದು ಕೇಳಿದರೆ ಸುಳ್ಳು ಹೇಳಬಾರದಲ್ಲ ಎಂದು ಶುಕ್ರವಾರಕ್ಕೊಮ್ಮೆ ಸ್ವಲ್ಪ ಹಚ್ಚತೊಡಗಿದರಂತೆ. "ಮೊದಲ ಬೀಗರ ಮಾನಕ್ಕ ಹಚ್ಕೊಂಡೆ, ಈಗ ಬಾಯಿ ತಾನ ಕೇಳತೈತಿ" ಎಂದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೂತರು. ನಾನು ನಗಬೇಕೋ ಅಳಬೇಕೋ ತಿಳಿಯದೆ ತೌಸಿಫನ ಟೋಪಿ ಸರಿ ಮಾಡಿದೆ.

ಕಲೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಾನು ದಾದಿ, ಮೊಮ್ಮಗ ಇಬ್ಬರ ಮೂಗಿನ ಕೆಳಗೂ ಬೆರಳಿಟ್ಟು ನೋಡುತ್ತಿದ್ದೆ. ಹೋದ ಬುಧವಾರ ಬಂತು. ಈಗ ಕೆಟ್ಟದ್ದೇನೂ ಇಲ್ಲ, ಅಲ್ಹಮ್ದುಲಿಲ್ಲಾಹ್. ಆದರೆ ಬಿಟ್ಟರೆ ಮಾತ್ರ. ಬಿಟ್ಟರೆ ಕಲೆ ಮಾಸಬಹುದು, ಹಚ್ಚುತ್ತಲೇ ಇದ್ದರೆ ಕೆಟ್ಟದ್ದಕ್ಕೆ ತಿರುಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ರಮಜಾನ್ ಮುಗಿದ ಮೇಲೆ ಮತ್ತೆ ತೋರಿಸಬೇಕು.

ಬಿಡುವುದು ಹೇಳಿದಷ್ಟು ಸುಲಭವಲ್ಲ. ಮನೆಯಲ್ಲಿ ಈಗ ದೊಡ್ಡ ನಾಟಕ. ಅತ್ತೆ ತೊಳೆದ ಪಾತ್ರೆ ಮತ್ತೆ ತೊಳೆಯುತ್ತಾರೆ, ಕೋಳಿಗಳನ್ನು ಬೈಯುತ್ತಾರೆ, ತಲೆ ನೋವು ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಸುಲ್ತಾನರ ಹಾಗೆ ಕೂರುತ್ತಾರೆ. ನಾನು ಬಡೇಸೋಪು ಕೊಟ್ಟರೆ ನನ್ನನ್ನು ಆಡು ಮಾಡಿದಿ ಎನ್ನುತ್ತಾರೆ, ಆದರೂ ಅಗಿಯುತ್ತಾರೆ. ಕಷ್ಟವೆಲ್ಲ ಮಧ್ಯಾಹ್ನ, ಹಿತ್ತಲಿನಲ್ಲಿ. ಮೊದಲು ಅವರು ಅಲ್ಲಿಗೆ ಹೋದರೆ ಹೆಂಗಸರೆಲ್ಲ ಮಾತು ನಿಲ್ಲಿಸುತ್ತಿದ್ದರಂತೆ, ಯಜಮಾನತಿ ಬಂದಳೆಂದು. ನಿಮ್ಮ ಡಬ್ಬಿ ತೆರೆದ ದಿನ ಎಲ್ಲರೂ ಬೆರಳು ಚಾಚಿದರು, ಜಾಗ ಮಾಡಿ ನಡುವೆ ಕೂರಿಸಿಕೊಂಡರು. ಬೀಗರ ಮಾನ ಮೊದಲಿನ ಕಾರಣ, ಇದು ಎರಡನೆಯದು. ವಿಧವೆಯಾದ ಮೇಲೆ ಅವರು ನಕ್ಕು ಮಾತಾಡಿದ್ದು ಆ ಮೆಣಸಿನಕಾಯಿ ರಾಶಿಯ ಮುಂದೆಯೇ ಎಂದು ಇವರು ಹೇಳಿದರು.

ನಾನು ಹೋಗಿ ಮಂಗಳವ್ವನ ಪಕ್ಕ ಕುಳಿತೆ. ಅವಳು ಅಲ್ಲಿನ ಹಿರಿಯಳು, ಎಲ್ಲರೂ ಅವಳ ಮಾತು ಕೇಳುತ್ತಾರೆ. ಇದನ್ನು ಯಾಕೆ ಹಚ್ಚುತ್ತೀರಿ, ಘಾಟಿಗಾ ಎಂದು ಕೇಳಿದೆ. ಘಾಟಿಗೂ ಹೌದು, ಹಸಿವಿಗೂ ಹೌದು ಎಂದಳು. ಆಮೇಲೆ ಬಾಗಿಲಲ್ಲಿದ್ದ ಇವರ ಕಡೆ ಕಣ್ಣು ತಿರುಗಿಸಿ, "ಸುಮ್ನ ಎದ್ದು ನಿಂತ್ರ ಯಾಕ ಎದ್ದಿ ಅಂತಾರವಾ. ಹಲ್ಲಿಗೆ ಹಚ್ಚಾಕ ಅಂದ್ರ ಯಾರೂ ಕೇಳಂಗಿಲ್ಲ" ಎಂದಳು. ಇವರು ಅಲ್ಲಿಂದ ಮಾಯವಾದರು. ಈಗ ನಾಲ್ಕು ಗಂಟೆಗೆ ಎಲ್ಲರಿಗೂ ಚಹಾ, ಚಹಾ ಮುಗಿಯುವವರೆಗೆ ಯಾರೂ ಕಾಯಿ ಮುಟ್ಟಬಾರದು ಎಂದು ಕಾಯಿದೆ ಮಾಡಿಸಿದ್ದೇನೆ. ಇದರಿಂದ ತಪಕೀರು ನಿಂತಿತು ಎಂದುಕೊಳ್ಳಬೇಡಿ. ಈಗ ಚಹಾನೂ ಕುಡಿಯುತ್ತೇವೆ, ಅದನ್ನೂ ಹಚ್ಚುತ್ತೇವೆ ಎಂದು ಮಂಗಳವ್ವ ನಗುತ್ತಾಳೆ. ಆದರೆ ಅತ್ತೆಯ ಎದುರು ಡಬ್ಬಿ ತೆಗೆಯುವುದಿಲ್ಲ ಎಂದು ಹೆಂಗಸರೆಲ್ಲ ಮಾತು ಕೊಟ್ಟಿದ್ದಾರೆ, ಗೋಡೆಯ ಆಚೆ ಹೋಗಿ ಹಚ್ಚಿಕೊಂಡು ಬರುತ್ತಾರೆ. ಜಾಗ ಮಾತ್ರ ಅತ್ತೆಗೆ ಇನ್ನೂ ನಡುವೆಯೇ.

ಇನ್ನು ಉಳಿದದ್ದು ನೀವು. ಬೀಗರಿಗೆ ಹೇಳಬೇಡ ಎಂದು ಅತ್ತೆ ನನ್ನಿಂದ ಆಣೆ ಕೇಳಿದರು, ನಾನು ಕೊಡಲಿಲ್ಲ. ಅವರು ಪ್ರೀತಿಯಿಂದ ತರುತ್ತಾರೆ, ತೆಗೆದುಕೊಂಡು ಬದಿಗೆ ಇಡುತ್ತೇನೆ ಎನ್ನುತ್ತಾರೆ. ಇಡಲಾರರು ಅಬ್ಬಾ. ಮೊನ್ನೆ ಖಾಲಿ ಡಬ್ಬಿಯನ್ನು ಸೆರಗಿನಲ್ಲಿಟ್ಟುಕೊಂಡು ವಾಸನೆ ನೋಡುತ್ತಿದ್ದರು, ನನ್ನನ್ನು ಕಂಡು ಮಗುವಿನ ಆಟಕ್ಕೆ ಎಂದರು. ನಿಮ್ಮ ಕೈಯಿಂದ ತುಂಬಿದ ಡಬ್ಬಿ ಬಂದರೆ ಇಷ್ಟು ದಿನದ ಕಷ್ಟ ಒಂದು ಸಂಜೆಯಲ್ಲಿ ಹೋಗುತ್ತದೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಬರಿಗೈಯಲ್ಲಿ ಬನ್ನಿ. ಬರಿಗೈಯಲ್ಲಿ ಬರಲು ನಿಮಗೆ ಆಗುವುದಿಲ್ಲವೆಂದು ಗೊತ್ತು, ಗಾಜಿನ ಬಳೆಯನ್ನೋ ಹಣ್ಣನ್ನೋ ತನ್ನಿ. ಅಂಗಡಿಯಲ್ಲಿ ಏನು ಮಾರಬೇಕು ಎನ್ನುವುದನ್ನು ನಾನು ಹೇಳುವುದಿಲ್ಲ, ಅದೇ ಅಂಗಡಿಯ ದುಡಿಮೆಯಲ್ಲಿ ನಾನು ಓದಿದ್ದು.

ಖೀರಿಗೆ ಹಾಲು ಹೇಳಿಟ್ಟಿದ್ದೇನೆ. ನೀವು ಬೆಳಗಿನ ರೈಲಿಗೇ ಬನ್ನಿ, ಬಿಸಿಲಾಗುವ ಮೊದಲು. ತೌಸಿಫ್ ನಿಮ್ಮ ಗಡ್ಡಕ್ಕೆ ಕಾಯುತ್ತಿದ್ದಾನೆ. ಅತ್ತೆ ಸಲಾಂ ಹೇಳಿದ್ದಾರೆ. ಅಲ್ಲಾಹ್ ನಿಮ್ಮನ್ನು ಆರೋಗ್ಯವಾಗಿ ಇಟ್ಟಿರಲಿ, ನಮ್ಮ ಮೂವರ ತಲೆಯ ಮೇಲೂ ನಿಮ್ಮ ದುವಾ ಇರಲಿ. ನಾನು ನಿದ್ದೆ ಮಾಡುವ ಹಾಗೆ ಒಂದು ದುವಾ ಬೇರೆಯಾಗಿ ಮಾಡಿ.

ನಿಮ್ಮ ಮಗಳು,
ದಿಲನಾಜ

ಮರೆತ ಮಾತು: ಮರೆತದ್ದಲ್ಲ ಅಬ್ಬಾ, ಮೇಲೆ ಬರೆಯಲು ಕೈ ಬರಲಿಲ್ಲ. ಡಾಕ್ಟರು ಅತ್ತೆಗೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಇಲ್ಲ ಎಂದ ಅತ್ತೆ, ಸೊಸೆಯ ತಾಯಿ ಜ್ವರದಿಂದ ಹೋದಳು ಪಾಪ, ಎಂಥ ಒಳ್ಳೆಯ ವಯಸ್ಸು ಎಂದು ತಾವಾಗಿಯೇ ಹೇಳಿ ನನ್ನ ಬೆನ್ನು ಸವರಿದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಮ್ಮಿಯ ಬಾಯಿ ತೆರೆಯದೆ ಹೋದಾಗ ನೀವು ನನ್ನ ಕೈ ಹಿಡಿದು, "ಯಾರಿಗೂ ಹೆಸರು ಹೇಳಬ್ಯಾಡ ಬೇಟಿ, ನಾಳೆ ನಿನ್ನ ಯಾರು ಮಾಡ್ಕೋತಾರ" ಎಂದಿದ್ದಿರಿ. ಊರೆಲ್ಲ ಹಚ್ಚುತ್ತದೆ, ಅವಳೊಬ್ಬಳಿಗೇ ಯಾಕೆ ಬಂತು ಎಂದು ನೀವು ಗೋಡೆಯ ಕಡೆ ತಿರುಗಿ ಅತ್ತದ್ದನ್ನೂ ನೋಡಿದ್ದೇನೆ. ನನ್ನ ನಿಶ್ಚಯದ ತಾಟಿನಲ್ಲಿ ಇಟ್ಟ ಡಬ್ಬಿ ಅಮ್ಮಿ ಹಚ್ಚುತ್ತಿದ್ದ ಗುರುತಿನದೇ. ಅವಳ ಬದಲು ಯಾರಿಗಾದರೂ ಕೊಡಬೇಕು ಅನ್ನಿಸಿತ್ತು ನಿಮಗೆ, ನನಗೆ ಗೊತ್ತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವರಿಗೆ ಇವತ್ತಿನವರೆಗೂ ಹೇಳಿಲ್ಲ. ಆದರೆ ತೌಸಿಫ್ ದೊಡ್ಡವನಾಗಿ ನಾನಿ ಏನಾಗಿ ಹೋದಳು ಎಂದು ಕೇಳಿದರೆ ಜ್ವರ ಎನ್ನಲು ನನ್ನಿಂದ ಆಗದು. ಭಾನುವಾರ ಖೀರು ಆದ ಮೇಲೆ ಅಮ್ಮಿಗೆ ಏನಾಗಿತ್ತೆಂದು ಅತ್ತೆಗೆ ನೀವೇ ಹೇಳಿ. ಹೆಸರು ಹಿಡಿದೇ ಹೇಳಿ. ನಾನು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತೇನೆ.